ಅತ್ತೆಯ ಗರುಗದೆಣ್ಣೆ

ಗಡಿಯಾರ ರಿಪೇರಿಯವನ ನೆತ್ತಿ ಮೂವತ್ತಕ್ಕೇ ಬಟಾಬಯಲಾಗಿತ್ತು. ಅವನ ಕೆಲಸವೋ, ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಕೂರುವುದು. ಗಿರಾಕಿಗಳ ಪಾಲಿಗೆ ಅವನ ನೆತ್ತಿಯೇ ಮುಖ. ಹೀಗಾಗಿ ವಿಗ್ಗು ಬಂತು. ಇದು ಹೆಂಡತಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ.

ಅತ್ತೆಯೇನು ಸಾಮಾನ್ಯಳೇ? ಗರುಗದ ಸೊಪ್ಪು, ದಾಸವಾಳದ ಎಲೆ, ಮೆಂತ್ಯ ಎಲ್ಲ ಅರೆದು ಎಣ್ಣೆಯಲ್ಲಿ ಕುದಿಸಿ ನಲವತ್ತು ವರ್ಷದಿಂದ ಕಂಡಕಂಡ ತಲೆಗೆಲ್ಲ ಹಚ್ಚಿದವಳು. ಗಂಡನಿಗೆ ಹಚ್ಚಿದಳು, ಪಾಪ, ಅವನು ಬೋಳಾಗಿಯೇ ತೀರಿಕೊಂಡ. ಇಬ್ಬರು ಗಂಡುಮಕ್ಕಳ ತಲೆಯಲ್ಲಿ ಈಗ ಮುಖ ನೋಡಿಕೊಳ್ಳಬಹುದು. ಆದರೂ ಸೋಲೊಪ್ಪುವ ಜೀವವಲ್ಲ ಅದು. ಮಗಳ ಮನೆಗೆ ಬಂದ ಮೊದಲ ಭಾನುವಾರವೇ ಅಳಿಯನನ್ನು ಮೊಣಕಾಲ ಬಳಿ ಕೂರಿಸಿಕೊಂಡು ತಿಕ್ಕತೊಡಗಿದಳು.

ಬೇಡ ಎನ್ನಲು ಹೊರಟವನು ತಲೆಯನ್ನು ಇನ್ನಷ್ಟು ತಗ್ಗಿಸಿದ. ನಾಲ್ಕನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡವನ ತಲೆಯ ಮೇಲೆ ಹೀಗೆ ಯಾರೂ ಕೈಯಿಟ್ಟಿರಲಿಲ್ಲ. ವಿಗ್ಗಿನಾಚೆಯಿಂದಲೂ ಆ ಬೆರಳುಗಳ ಬಿಸಿ ತಾಕುತ್ತಿತ್ತು. ವಾರವೆಲ್ಲ ಭಾನುವಾರಕ್ಕೇ ಕಾಯತೊಡಗಿದ.

ಮೂರನೇ ತಿಂಗಳಿಗೆ ವಿಗ್ಗು ಬೆಳೆಯಿತು. ಸುಳ್ಳಲ್ಲ, ಬೆಳೆಯಿತು. ಮೊದಲು ಕಿವಿ ಮುಚ್ಚಿತು, ಆಮೇಲೆ ಕಾಲರು ದಾಟಿತು. ಕ್ಷೌರದವನು ವಿಗ್ಗನ್ನಷ್ಟೇ ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ ಕತ್ತರಿಸುತ್ತಿದ್ದ. ಇವನು ಟವೆಲು ಸುತ್ತಿಕೊಂಡು ಬೆಂಚಿನ ಮೇಲೆ ಪೇಪರು ಓದುತ್ತಿದ್ದ.

ಅತ್ತೆ ಹಿಗ್ಗಿ ಹೀರೇಕಾಯಿಯಾದಳು. ಮುಂದಿನ ಭಾನುವಾರ ಹತ್ತು ಮಂದಿ ಹೆಂಗಸರನ್ನು ಕರೆದಿರುವುದಾಗಿಯೂ, ಅಳಿಯನ ಕೂದಲನ್ನು ಒಬ್ಬೊಬ್ಬರೂ ಎಳೆದು ಬುಡದ ಗಟ್ಟಿತನ ನೋಡಿಕೊಂಡು ಹೋಗಲೆಂದೂ ಹೇಳಿದಳು. ಅವನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಸುಮ್ಮನಿದ್ದರೆ ಹತ್ತು ಜನರೆದುರು ಅತ್ತೆಯ ಮಾನ ಹೋಗುತ್ತದೆ. ನಿಜ ಹೇಳಿದರೆ ತನ್ನ ಭಾನುವಾರಗಳು ಹೋಗುತ್ತವೆ.

ಕೊನೆಗೆ ಆಕೆಯ ಮಾನವೇ ದೊಡ್ಡದೆನಿಸಿತು. ಹೆಂಗಸರು ಬರುವ ಮೊದಲೇ ವಿಗ್ಗು ತೆಗೆದು ಅತ್ತೆಯ ಮಡಿಲಿಗಿಟ್ಟ.

"ಇದು ನಂದಲ್ಲ ಅತ್ತೆ. ಇಷ್ಟು ದಿನ ನೀವು ಹಚ್ಚಿದ್ದೆಲ್ಲ ಇದಕ್ಕೆ."

ಅತ್ತೆ ಅವನ ನೆತ್ತಿ ನೋಡಿದಳು. ವಿಗ್ಗನ್ನು ಮಗುಚಿ ಒಳಗಿನ ಬಲೆ ನೋಡಿದಳು. ಕಣ್ಣು ತುಂಬಿ ಬಂತು.

"ಅಲ್ಲ ಅಳಿಯಂದ್ರೇ, ಬುಡವೇ ಇಲ್ಲದ್ದು ಬೆಳೆದಿದೆಯಲ್ಲ. ಹಾಗಾದ್ರೆ ತಪ್ಪು ನನ್ನ ಎಣ್ಣೇದಲ್ಲ, ನಿಮ್ಮೆಲ್ಲರ ತಲೇದು. ನಲವತ್ತು ವರ್ಷ ಸುಮ್ಸುಮ್ನೆ ನೊಂದ್ಕೊಂಡೆ ನಾನು."

ಅವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಎಂದಿನಂತೆ ತಿರುಗಿ, ಮೊಣಕಾಲ ಬಳಿ ಬೋಳು ತಲೆ ತಗ್ಗಿಸಿ ಕೂತ. ಬೆನ್ನ ಹಿಂದೆ ಎಣ್ಣೆಯ ಬಟ್ಟಲಿನ ಸದ್ದಾಯಿತು. ಮಡಿಲಲ್ಲಿದ್ದ ವಿಗ್ಗನ್ನು ಅತ್ತೆ ಎರಡೂ ಕೈಯಿಂದ ನಿಧಾನವಾಗಿ ತಿಕ್ಕತೊಡಗಿದಳು. ಅವನು ಕಾದ.

"ಸ್ವಲ್ಪ ಆಚೆ ಸರ್ಕೊಳ್ಳಿ ಅಳಿಯಂದ್ರೇ," ಎಂದಳು, "ಬೆಳಕಿಗೆ ಅಡ್ಡ ಕೂತಿದೀರ."