ಕರೆಂಟ್ ಗ್ರೂಪಿಗೆ ಹೋದ ಕಥೆ

ನಾನೊಂದು ಮೊಬೈಲ್ ಫೋನು. ಎಲ್ಲಿ ಹುಟ್ಟಿದೆನೋ ನೆನಪಿಲ್ಲ. ಕಣ್ಣು ಬಿಟ್ಟಾಗ ಗದಗಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿದ್ದೆ. ನನ್ನನ್ನು ಮೊದಲು ಕೊಂಡ ಕಾಲೇಜು ಹುಡುಗಿ ಎರಡು ವರ್ಷ ತನ್ನ ಮುಖವನ್ನಷ್ಟೇ ನನಗೆ ತೋರಿಸಿದಳು. ಗಾಜು ಬಿರಿದ ಮೇಲೆ ಹಳೆ ಫೋನಿನ ಅಂಗಡಿ ಸೇರಿ, ಅಲ್ಲಿಂದ ಲೈನ್‌ಮನ್ ದ್ಯಾಮಣ್ಣನ ಅಂಗಿಯ ಜೇಬಿಗೆ ಬಂದೆ.

ದ್ಯಾಮಣ್ಣ ಕಥೆ ಬರೆಯುತ್ತಿದ್ದ. ಕಂಬದ ಬುಡದಲ್ಲಿ ಕೂತು, ಟೇಪಿನ ಜಿಗುಟು ಹತ್ತಿದ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದ. ಬರೆದದ್ದನ್ನು ಸಾಹಿತಿಗಳ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ಹತ್ತು ಪುಟದ ಕಥೆಗೆ ಹತ್ತೇ ಸೆಕೆಂಡಿನಲ್ಲಿ ಚಪ್ಪಾಳೆಯ ಚಿತ್ರ ಬರುತ್ತಿತ್ತು. ಓದಿದವರು ಒಬ್ಬರೂ ಇಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ.

"ಇದೊಂದು ಹಾಕಿ ನೋಡ್ತೀನಿ. ಯಾರೂ ಓದಲಿಲ್ಲಂದ್ರ ಬರಿಯೂದ ಬಿಡ್ತೀನಿ," ಎಂದು ಒಂದು ದಿನ ಹೆಂಡತಿ ಹುಲಿಗೆವ್ವನಿಗೆ ಹೇಳಿದ.

"ಬಿಟ್ಟು ಏನ್ ಮಾಡ್ತಿ? ಕಂಬದ ಕೂಡ ಮಾತಾಡ್ತಿ?" ಎಂದಳು ಆಕೆ.

ಅಂದು ಸಂಜೆ ಗಾಳಿಗೆ ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದು ಮೂರು ಊರಿಗೆ ಕರೆಂಟ್ ಹೋಯಿತು. ಕರೆಂಟ್ ಹೋದಾಗ ದೂರು ಹೇಳಲು ಊರವರು ಮಾಡಿಕೊಂಡಿದ್ದ ಕರೆಂಟ್ ಗ್ರೂಪಿನಲ್ಲಿ ಬೈಗುಳ ಸುರಿದು, ಆ ಗ್ರೂಪು ನನ್ನ ಪರದೆಯ ತುದಿಗೇರಿತು. ಅವಸರದಲ್ಲಿ ದ್ಯಾಮಣ್ಣ ತುದಿಯಲ್ಲಿದ್ದುದನ್ನೇ ಸಾಹಿತಿಗಳ ಗ್ರೂಪೆಂದು ತಿಳಿದು ಒತ್ತಿ ಕಥೆ ಕಳಿಸಿದ. ನನ್ನನ್ನು ಚೀಲಕ್ಕೆ ಹಾಕಿ ಬುಡದಲ್ಲಿಟ್ಟು ಕಂಬ ಹತ್ತಿದ.

ಕೆಳಗೆ ನಾನು ನಡುಗುತ್ತಲೇ ಇದ್ದೆ. ಟೀವಿಯಿಲ್ಲ, ಫ್ಯಾನಿಲ್ಲ, ಮುದುಕಿಯೊಬ್ಬಳು ತನ್ನ ಗಬ್ಬದ ಆಡು ಹೊಡೆದುಕೊಂಡು ನಾಲ್ಕು ಹರದಾರಿ ದೂರದ ತವರಿಗೆ ಹೊರಟ ಕಥೆಯನ್ನು ಮೂರು ಊರು ಕೂತು ಓದುತ್ತಿತ್ತು.

ತಂತಿ ಬಿಗಿದು ಇಳಿದವನು ಎಪ್ಪತ್ತು ಮೆಸೇಜ್ ಕಂಡು ಬೆವೆತ. ಮೊದಲನೆಯದು: "ಏ ಲೈನ್‌ಮನ್ನಾ, ಕರೆಂಟ್ ಕೊಡು ಅಂದ್ರ ಕಥಿ ಕೊಡ್ತಿ?" ಅದರ ಕೆಳಗೇ ಅದೇ ಮನುಷ್ಯ: "ಮುದುಕಿ ತವರು ಮುಟ್ಟಿದಳೋ ಇಲ್ಲೋ ಹೇಳು ಮಾರಾಯಾ." ಕುರಿ ಕಾಯುವ ಯಲ್ಲವ್ವ ದನಿಯನ್ನೇ ಕಳಿಸಿದ್ದಳು: "ತಮ್ಮಾ, ಮೊಮ್ಮಗಳು ಓದಿ ಹೇಳಿದ್ಲು. ದಿನ ತುಂಬಿದ ಆಡು ನಾಕ್ ಹರದಾರಿ ನಡಿಯೂದಿಲ್ಲಪಾ. ತಿದ್ದು."

ದ್ಯಾಮಣ್ಣ ಆ ದನಿಯನ್ನು ಮೂರು ಸಲ ಕೇಳಿದ. ತಪ್ಪು ಹಿಡಿಯುವಷ್ಟು ಮನಸ್ಸಿಟ್ಟವರು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಕಂಬಕ್ಕೆ ಒರಗಿ, ಆಡನ್ನು ನಡುದಾರಿಯ ಹುಣಸೆಮರದ ಕೆಳಗೆ ಈಯಿಸಿದ. ಮುದುಕಿಯನ್ನೂ ಅಲ್ಲೇ ಕೂರಿಸಿದ. ಅಷ್ಟರಲ್ಲಿ ಇನ್ನೊಂದು ಮೆಸೇಜ್ ಬಂತು: "ಕರೆಂಟ್ ಬಂತು. ಟೀವಿ ಹಚ್ಚಿಲ್ಲ. ತಿದ್ದಿದ್ದು ಕಳಸು."

ಆಮೇಲೆ ಅವನು ಬರೆಯುವುದನ್ನು ನಿಲ್ಲಿಸಲೇ ಇಲ್ಲ. ಈಗ ಅವನ ಜೇಬಿನಲ್ಲಿ ಹೊಸ ಫೋನಿದೆ. ಬ್ಯಾಟರಿ ಉಬ್ಬಿದ ನಾನು ಗೋಡೆಯ ಗೂಡಿನಲ್ಲಿ ಸುಟ್ಟ ಫ್ಯೂಜುಗಳ ಜೊತೆ ಮಲಗಿದ್ದೇನೆ. ಓದುಗರು ಎಲ್ಲೋ ದೂರದಲ್ಲಿರುತ್ತಾರೆಂದು ನಾವಿಬ್ಬರೂ ಎಷ್ಟು ಕಾಲ ನಂಬಿದ್ದೆವು! ಅವರು ಪಕ್ಕದಲ್ಲೇ ಇದ್ದು, ದಿನವೂ ನಮ್ಮನ್ನು ಬೈಯುತ್ತಿದ್ದರು.