ಒಂಬತ್ತು ‘ಇಲ್ಲ’

ಗಾಳಿ ನಿಲ್ಲದಿರಲಿ ಎಂದು ಕೌನಾಕ್ ಬೆಳಿಗ್ಗೆ ಎದ್ದಾಗಿನಿಂದ ಬೇಡಿಕೊಳ್ಳುತ್ತಿದ್ದಳು. ರಾಜಧಾನಿಯಲ್ಲಿ ಬಿಸಿಲು ಬಿದ್ದಿತ್ತು. ಅದನ್ನು ಕಟ್ಟಿಕೊಂಡು ಅವಳಿಗೇನಾಗಬೇಕು? ವಿಮಾನದಲ್ಲಿ ಮೂರು ಗಂಟೆ ದಾರಿಯ ಆಚೆ, ಉತ್ತರ ಧ್ರುವದ ಸೀಮೆಯಲ್ಲಿ, ತಾನು ಶಾಸಕಿಯಾಗಿ ಗೆದ್ದ ಕ್ಷೇತ್ರದ ನೌಯಾಲಿಕ್ ಊರಿನಲ್ಲಿ ಹಿಮಗಾಳಿ ಬೀಸುತ್ತಲೇ ಇರಬೇಕಿತ್ತು. ನಾಲ್ಕು ದಿನದಿಂದ ಬೀಸುತ್ತಿತ್ತು. ಬೀಸುವಷ್ಟು ಹೊತ್ತು ಅಲ್ಲಿ ವಿಮಾನ ಇಳಿಯುವುದಿಲ್ಲ, ವಿಮಾನ ಇಳಿಯದಿದ್ದರೆ ಮಾಕ್ಪಾ ಎಲ್ಲಿಗೂ ಹೋಗುವುದಿಲ್ಲ.

ಮಾಕ್ಪಾಗೆ ಎಂಬತ್ತೊಂದು ವರ್ಷ, ಕೌನಾಕ್‌ಗೆ ಐವತ್ತೆರಡು. ಆದರೆ ಮಾಕ್ಪಾ ಅವಳನ್ನು ಕರೆಯುವುದು ‘ಅವ್ವ’ ಎಂದು. ಮಾಕ್ಪಾಳ ತಾಯಿ ಸತ್ತ ಚಳಿಗಾಲದಲ್ಲೇ ಹುಟ್ಟಿದ ಕೌನಾಕ್‌ಗೆ ಆ ತಾಯಿಯ ಹೆಸರಿಟ್ಟರು. ಹೆಸರು ಬಂದ ಮೇಲೆ ನಂಟೂ ಬಂತು. ಅವ್ವನ ಮೂಗು ಒರೆಸಿ, ಅವ್ವನಿಗೆ ಸೀಲ್ ಚರ್ಮದ ಬೂಟು ಹೊಲಿದು, ಅವ್ವ ಶಾಲೆಗೆ ಚಕ್ಕರ್ ಹಾಕಿದಾಗ ಬೈದು ಬೆಳೆಸಿದವಳು ಮಗಳೇ. ಆ ಮಗಳನ್ನು ಈಗ ದಕ್ಷಿಣದ ಯಾವುದೋ ಪಟ್ಟಣದ ವೃದ್ಧರ ಮನೆಗೆ ಸಾಗಿಸುತ್ತಾರಂತೆ. ನೌಯಾಲಿಕ್‌ನ ಹಿರಿಯರ ಮನೆಯ ಬಾಯ್ಲರ್ ಕೆಟ್ಟಿದೆ, ರಿಪೇರಿಗಿಂತ ಮುಚ್ಚುವುದು ಸಲೀಸು ಎಂದು ಇಲಾಖೆ ತೀರ್ಮಾನಿಸಿತ್ತು. ಅಲ್ಲಿರುವ ಒಂಬತ್ತೂ ಹಿರಿಯರು ಹೋಗಲು ಒಪ್ಪಿದ್ದಾರೆ ಎಂದೂ ವರದಿಯಲ್ಲಿ ಬರೆದಿತ್ತು. ಮೊದಲ ವಿಮಾನದಲ್ಲಿ ಮಾಕ್ಪಾಳ ಹೆಸರು.

ಒಪ್ಪಿದ್ದಾರೆ ಎಂಬುದು ಶುದ್ಧ ಸುಳ್ಳು. ಕೌನಾಕ್‌ಗೆ ಅದು ಗೊತ್ತಿತ್ತು, ಏಕೆಂದರೆ ಡಿಸೆಂಬರಿನಲ್ಲಿ ಇಲಾಖೆಯ ಇಂಗ್ಲಿಷ್ ಫಾರಂ ಹಿಡಿದು ಒಬ್ಬೊಬ್ಬರ ಹಾಸಿಗೆಯ ಪಕ್ಕ ಕೂತು ಕೇಳಿದವಳು ಅವಳೇ. ಇವತ್ತು ಮಧ್ಯಾಹ್ನ ಒಂದೂವರೆಗೆ ಶಾಸನಸಭೆ ಕೂಡಿದಾಗ ಆ ಫಾರಂಗಳನ್ನು ಎತ್ತಿ ತೋರಿಸಿ ಆರೋಗ್ಯ ಮಂತ್ರಿ ಜೋಸೆಪಿಯ ನೀರಿಳಿಸುತ್ತೇನೆಂದು ತೀರ್ಮಾನಿಸಿ, ಸಭೆಯ ಕಚೇರಿಯಿಂದ ನಕಲು ತರಿಸಿಕೊಂಡಿದ್ದಳು. ಲಕೋಟೆ ಕಂಕುಳಲ್ಲಿತ್ತು. ಒಂದು ಚಹಾ ಕುಡಿದು ಬಿಚ್ಚೋಣ ಎಂದು ಕ್ಯಾಂಟೀನಿಗೆ ಹೋಗಿ, ಸಾಲಿನಲ್ಲಿ ನಿಂತೇ ಲಿವೀಗೆ ಫೋನು ಹಚ್ಚಿದಳು. ಲಿವೀ ಹಿರಿಯರ ಮನೆಯಲ್ಲಿ ಅಡುಗೆ, ಆರೈಕೆ ಎರಡನ್ನೂ ನೋಡಿಕೊಳ್ಳುವ ಹೆಂಗಸು.

“ಗಾಳಿ ಹೆಂಗಿದೆ ಲಿವೀ?”

“ಸ್ವಲ್ಪ ಇಳಿದಿದೆ ಅಕ್ಕ. ಅಂಗಡಿ ದೀಪ ಕಾಣ್ತಿದೆ.”

“ಚರ್ಚ್ ಕಾಣುತ್ತಾ?”

“ಇನ್ನೂ ಇಲ್ಲ.”

ಚರ್ಚ್ ಕಂಡರೆ ವಿಮಾನ ಇಳಿಯಬಹುದು ಎಂದು ಲೆಕ್ಕ. ವಿಮಾನವೋ, ಪಕ್ಕದ ಊರಿಗೆ ಬಂದು ಕಾಯುತ್ತಿತ್ತು. ಇಪ್ಪತ್ತು ನಿಮಿಷದ ಹಾರಾಟ.

“ಮಾಕ್ಪಾ ಏನ್ ಮಾಡ್ತಿದಾಳೆ?”

“ಚೀಲ ಕಟ್ಕೊಂಡು, ಬೂಟು ಹಾಕ್ಕೊಂಡು ಬಾಗಿಲ ಹತ್ರ ಕೂತಿದಾರೆ. ಬೆಳಿಗ್ಗೆಯಿಂದ ಮಾತಿಲ್ಲ ಕತೆಯಿಲ್ಲ. ತಮ್ಮ ಮೀನು ಕೊಯ್ಯೋ ಉಲು ಕತ್ತಿ ನಂಗೆ ಕೊಟ್ಟುಬಿಟ್ರು. ದಕ್ಷಿಣದಲ್ಲಿ ಮೀನು ಕೊಯ್ದೇ ತಟ್ಟೆಗೆ ಹಾಕ್ತಾರಂತಲ್ಲ, ನಂಗ್ಯಾಕೆ ಅಂದ್ರು.”

ಅಷ್ಟರಲ್ಲಿ ಕೌಂಟರಿನ ಬಿಳಿಯ ಹುಡುಗಿ, ಈಚೆಗೆ ದಕ್ಷಿಣದಿಂದ ಬಂದವಳು, ಇಂಗ್ಲಿಷಿನಲ್ಲಿ ಕೇಳಿದಳು. “ಸಕ್ಕರೆ ಬೇಡ್ವಾ?”

ಫೋನು ಕಿವಿಯಲ್ಲಿದ್ದುದರಿಂದ ಕೌನಾಕ್ ಮೂಗು ಸುಕ್ಕಿಸಿದಳು. ಹುಡುಗಿಗೆ ತಿಳಿಯಲಿಕ್ಕಿಲ್ಲ ಎಂದು ಇಂಗ್ಲಿಷಿನಲ್ಲೊಂದು ‘ನೋ’ ಸೇರಿಸಿದಳು. ಹುಡುಗಿ ಸಕ್ಕರೆ ಡಬ್ಬಿಯನ್ನು ಆಚೆ ಸರಿಸಿ, ಕರೀ ಚಹಾ ಮುಂದಿಟ್ಟಳು. ಮೇಜಿಗೆ ಬಂದು ಮೊದಲ ಗುಟುಕಿಗೇ ಕೌನಾಕ್ ಮುಖ ಕಿವುಚಿದಳು. ಸಕ್ಕರೆ ಬೇಕು ಎಂದೇ ಅಲ್ಲವೆ ತಾನು ಹೇಳಿದ್ದು?

ನಮ್ಮ ಉತ್ತರದ ಜನರಲ್ಲಿ ಹುಬ್ಬೇರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಅಲ್ಲ. ‘ಬೇಡ್ವಾ?’ ಎಂದವರ ಮುಂದೆ ಮೂಗು ಸುಕ್ಕಿಸಿದರೆ ‘ಹಾಗಲ್ಲ, ಬೇಕು’ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತಾಗುತ್ತದೆ. ಇಂಗ್ಲಿಷಿಗೆ, ಪಾಪ, ಅಲ್ಲ, ಇಲ್ಲ, ಬೇಡ ಎಲ್ಲದಕ್ಕೂ ಸೇರಿ ಇರುವುದು ಒಂದೇ ಒಂದು ನೋ. ಅದರಲ್ಲೇ ರಾಜ್ಯಭಾರ ಮಾಡುತ್ತಾರೆ.

ಲೋಟ ಹಿಡಿದ ಕೈ ಹಾಗೇ ನಿಂತಿತು. ಅವಳು ಲಕೋಟೆ ಹರಿದು ಮೊದಲ ಹಾಳೆ ತೆಗೆದಳು. ಪ್ರಶ್ನೆ ಇಂಗ್ಲಿಷಿನಲ್ಲಿತ್ತು: ನಿಮಗೆ ಊರಿನಲ್ಲೇ ಉಳಿಯಲು ಇಷ್ಟವಿಲ್ಲವೇ? ಅದರ ಮುಂದೆ ಎರಡು ಚೌಕ. ಡಿಸೆಂಬರಿನಲ್ಲಿ ಅದನ್ನು ಅವಳು ತನ್ನ ಭಾಷೆಗೆ ತಿರುಗಿಸಿ ಕೇಳಿದ್ದಳು. ಮಾಕ್ಪಾ ಜೋರಾಗಿ ಮೂಗು ಸುಕ್ಕಿಸಿ, ಇದೂ ಒಂದು ಕೇಳೋ ಮಾತಾ ಎಂಬಂತೆ ನಕ್ಕು, “ಬರ್ಕೋ ಅವ್ವಾ, ನೀನು ಬರೆದದ್ದೇ ಸರಿ,” ಎಂದಿದ್ದಳು. ಅವ್ವ ಬರೆದುಕೊಂಡಿದ್ದಳು. ‘ಇಲ್ಲ’ ಎಂಬ ಚೌಕದಲ್ಲಿ, ನೀಲಿ ಶಾಯಿಯಲ್ಲಿ, ಅಚ್ಚುಕಟ್ಟಾದ ಗುರುತು. ಕೆಳಗೆ ಸಾಕ್ಷಿಯಾಗಿ ಅವಳದೇ ಸಹಿ.

ಒಂದಾದ ಮೇಲೊಂದು ತಿರುವಿದಳು. ಒಂಬತ್ತು ಹಾಳೆ, ಒಂಬತ್ತು ಇಲ್ಲ. ಇಷ್ಟವಿಲ್ಲವೇ? ಇಲ್ಲ. ಯಾರು ಓದಿದರೂ ಉಳಿಯಲು ಇಷ್ಟವಿಲ್ಲ ಎಂದೇ ತಿಳಿಯುತ್ತಾರೆ. ಇಲಾಖೆ ಸುಳ್ಳು ಬರೆದಿರಲಿಲ್ಲ, ಬರೆದುಕೊಟ್ಟವಳು ಇವಳು. ‘ಎರಡೂ ಭಾಷೆ ಬಲ್ಲವಳು’ ಎಂದು ಗೋಡೆಗೋಡೆಗೆ ಅಂಟಿಸಿಕೊಂಡು ಚುನಾವಣೆ ಗೆದ್ದ ಮಹಾತಾಯಿ.

ಓಡಿದಂತೆಯೇ ಹೋಗಿ ಜೋಸೆಪಿಯ ಕೋಣೆಯ ಬಾಗಿಲು ತಳ್ಳಿದಳು. ಅವನು ಕಾಗದ ಹಾಸಿಕೊಂಡು ಹೆಪ್ಪುಗಟ್ಟಿದ ಮೀನು ಕೊಯ್ದು ತಿನ್ನುತ್ತಿದ್ದ. ಅವಳ ಅಳಿಯನಿಗೆ ಚಿಕ್ಕಪ್ಪನಾಗಬೇಕು. ಅವನು ಅವಳ ಮಾತು ಪೂರ್ತಿ ಕೇಳಿ, ಹಾಳೆ ನೋಡಿ, ಚಾಕು ಕೆಳಗಿಟ್ಟ.

“ನನ್ನ ನೀರಿಳಿಸ್ತೀನಿ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ರಂತೆ ಅಕ್ಕ.”

“ಅಣಕಿಸೋದು ಆಮೇಲೆ. ಮೊದ್ಲು ವಿಮಾನ ನಿಲ್ಸು.”

“ಹೆಂಗೆ ನಿಲ್ಸಲಿ? ಸಭೆ ಮುಂದೆ ಇಟ್ಟಿರೋ ಕಾಗದ ಇದು. ಅವರ ಒಪ್ಪಿಗೆ ಅಂತ ಇರೋದು ಇದೊಂದೇ, ಸಾಕ್ಷಿ ನಿಮ್ದು. ಫೋನಲ್ಲಿ ನಾನು ಬೇಡ ಅಂದ್ರೆ, ನಂಟಸ್ತನ ನೋಡಿ ಮಾಡ್ದ ಅಂತಾರೆ. ನೀವೇ ಎದ್ದುನಿಂತು ತಪ್ಪಾಯ್ತು ಅನ್ನಬೇಕು, ನಡಾವಳಿಲಿ ಬರಬೇಕು. ಆಗ ನಿಲ್ಸ್ತೀನಿ.” ಚಾಕು ಒರೆಸುತ್ತ ಮೆತ್ತಗೆ ಹೇಳಿದ. “ಚುನಾವಣೆಗೆ ಆರು ತಿಂಗಳಿದೆ. ಯೋಚ್ನೆ ಮಾಡಿ.”

ಯೋಚನೆ ಮಾಡಲು ಅವಳಿಗೆ ಪುರುಸೊತ್ತಿರಲಿಲ್ಲ. ಆದರೂ ಹಾಳು ಮನಸ್ಸು ಯೋಚಿಸಿತು. ಊರಿನ ರೇಡಿಯೋದಲ್ಲಿ ಸಭೆ ನೇರವಾಗಿ ಬರುತ್ತದೆ. ಅಂಗಡಿಯಲ್ಲಿ, ಅಡುಗೆಮನೆಗಳಲ್ಲಿ ಎಲ್ಲರೂ ಕೇಳುತ್ತಿರುತ್ತಾರೆ. ಒಂದು ಚೌಕ ತುಂಬಲು ಬಾರದವಳನ್ನು ಕಳಿಸಿದೆವು ಎಂದು ನಗುತ್ತಾರೆ. ನಗಲಿ ಎನ್ನುವಷ್ಟು ದೊಡ್ಡ ಮನಸ್ಸು ಅವಳದಲ್ಲ.

ಒಂದೂವರೆಗೆ ಗಂಟೆ ಬಾರಿಸಿತು. ಫೋನು ತೊಡೆಯ ಮೇಲೆ ಬಚ್ಚಿಟ್ಟುಕೊಂಡು ಕೂತಳು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅದು ನಡುಗಿತು. ಲಿವೀ ಬರೆದಿದ್ದಳು: ಚರ್ಚ್ ಕಾಣ್ತಿದೆ.

ಮೊದಲು ಇನ್ನೊಬ್ಬ ಸದಸ್ಯರು ಎದ್ದು ತಮ್ಮೂರ ಹಾಕಿ ತಂಡವನ್ನು ಅಭಿನಂದಿಸಿದರು. ಗೋಲ್‌ಕೀಪರನಿಂದ ಹಿಡಿದು ತರಬೇತುದಾರರ ಹೆಂಡತಿಯವರೆಗೆ ಒಬ್ಬರನ್ನೂ ಬಿಡಲಿಲ್ಲ. ನಮ್ಮಲ್ಲಿ ಮಾತಾಡುವವರ ನಡುವೆ ಬಾಯಿ ಹಾಕುವ ಪದ್ಧತಿಯಿಲ್ಲ. ಜನ್ಮದಲ್ಲಿ ಮೊದಲ ಸಲ ಕೌನಾಕ್ ಆ ಪದ್ಧತಿಯನ್ನು ಶಪಿಸಿದಳು. ಅವರು ಕೂರುವಷ್ಟರಲ್ಲಿ ಫೋನು ಮತ್ತೆ ನಡುಗಿತು: ವಿಮಾನ ಹೊರಟಿದೆಯಂತೆ.

“ನೌಯಾಲಿಕ್ ಸದಸ್ಯರು,” ಎಂದರು ಸಭಾಧ್ಯಕ್ಷರು.

ಅವಳು ಎದ್ದಳು. ಬರೆದುಕೊಂಡು ಬಂದ ಭಾಷಣ ಮೇಜಿನ ಮೇಲೇ ಉಳಿಯಿತು. ತನ್ನ ಭಾಷೆಯಲ್ಲೇ ಶುರು ಮಾಡಿದಳು. ಗಾಜಿನ ಆಚೆ ಅನುವಾದಕರು ಮುಂದಕ್ಕೆ ಬಾಗಿದರು.

“ಅಧ್ಯಕ್ಷರೇ, ಹಿರಿಯರ ಫಾರಂ ತುಂಬಿದೋಳು ನಾನು. ಒಂಬತ್ತೂ ತಪ್ಪು ತುಂಬಿದೀನಿ. ಅದನ್ನ ವಿವರಿಸೋಕೆ ಮಂತ್ರಿಗಳಿಗೆ ಒಂದು ಪ್ರಶ್ನೆ ಕೇಳ್ಬೇಕು.” ಅವಳು ಜೋಸೆಪಿಯ ಕಡೆ ತಿರುಗಿದಳು. “ಮಂತ್ರಿಗಳೇ, ನಿಮಗೆ ಈ ಖಾತೆಲಿ ಮುಂದುವರಿಯೋಕೆ ಇಷ್ಟ ಇಲ್ವಾ?”

ಅವನು ಪಟ್ಟನೆ ಮೂಗು ಸುಕ್ಕಿಸಿದ.

“ನಡಾವಳಿ ಬರೆಯೋರು ಇಂಗ್ಲಿಷಲ್ಲಿ ಬರ್ಕೊಳ್ಳಿ. ಇಷ್ಟ ಇಲ್ವಾ ಅಂದ್ರೆ ಮಂತ್ರಿಗಳು ಇಲ್ಲ ಅಂದ್ರು. ರಾಜೀನಾಮೆ ಆಯ್ತು.”

ಸಭೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಗು ಮೇಜಿನಿಂದ ಮೇಜಿಗೆ ಹರಿಯಿತು, ಸಭಾಧ್ಯಕ್ಷರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಜೋಸೆಪಿಯ ಮುಖ ಕೆಂಪಾಗಿತ್ತು, ನಗುತ್ತಲೂ ಇದ್ದ. ಕೌನಾಕ್ ಒಬ್ಬಳೇ ನಗಲಿಲ್ಲ.

“ನಾನು ನಮ್ಮ ಹಿರಿಯರಿಗೆ ಮಾಡಿದ್ದೂ ಇದೇನೇ. ಅವರೆಲ್ಲ ಊರು ಬಿಡಲ್ಲ ಅಂದ್ರು. ನಾನು ಬಿಡ್ತೀವಿ ಅಂತ ಬರೆದೆ. ತಪ್ಪು ಇಲಾಖೆದಲ್ಲ, ನಂದು. ಕ್ಷಮಿಸಿ. ವಿಮಾನ ಈಗ ಹಾರ್ತಿದೆ.”

ನಗು ನಿಂತಿತು. ಜೋಸೆಪಿ ಎದ್ದು, ಆ ಒಪ್ಪಿಗೆ ರದ್ದಾಯಿತೆಂದೂ ಮುಚ್ಚುವ ಮಾತು ಸದ್ಯಕ್ಕೆ ಬೇಡವೆಂದೂ ಎರಡೇ ವಾಕ್ಯ ಹೇಳಿ, ಸಹಾಯಕನಿಗೆ ಸನ್ನೆ ಮಾಡಿದ. ಕೌನಾಕ್ ಸಭಾಧ್ಯಕ್ಷರಿಗೆ ತಲೆಬಾಗುವುದನ್ನೂ ಮರೆತು ಹೊರಗೆ ನಡೆದಳು.

ಮೊಗಸಾಲೆಯಲ್ಲಿ ಫೋನು ಹಚ್ಚಿದರೆ ಹೋಗಲಿಲ್ಲ. ಉಪಗ್ರಹದ ಫೋನಿಗೆ ಬೇಕಾದಾಗಲೇ ಕಿವುಡು. ಮತ್ತೆ ಮತ್ತೆ ಒತ್ತಿ, ಅರ್ಧ ಗಂಟೆ ಕಳೆದ ಮೇಲೆ ಲಿವೀ ಸಿಕ್ಕಳು. ಹಿಂದೆ ಎಂಜಿನ್ನಿನ ಸದ್ದು ಕೇಳುತ್ತಿತ್ತು.

“ವಿಮಾನದ ಹತ್ರಾನೇ ಇದೀವಿ ಅಕ್ಕ. ಹತ್ತಿಸ್ತಿದಾರೆ. ಇಲಾಖೆಯಿಂದ ಇನ್ನೂ ಏನೂ ಬಂದಿಲ್ಲ ಅಂತಿದಾಳೆ ನರ್ಸು.”

“ಮಾಕ್ಪಾಗೆ ಕೊಡು. ಬೇಗ.”

ಫೋನು ಕೈಗವಸುಗಳ ನಡುವೆ ಉಜ್ಜಿಕೊಂಡು ಸಾಗಿದ ಸದ್ದು. ಆಮೇಲೆ ಉಸಿರು.

“ಮಗಾ,” ಎಂದಳು ಕೌನಾಕ್. “ಹತ್ತಬೇಡ. ಮನೆಗೆ ಹೋಗು. ಊರು ಬಿಡು ಅಂತ ನಾನು ಹೇಳಿರ್ಲಿಲ್ಲ. ತಪ್ಪು ಬರೆದುಬಿಟ್ಟಿದ್ದೆ.”

ಮಾಕ್ಪಾ ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದಳು.

“ನಿನ್ ಕೈ ಬರಹ ಅಂತ ತೋರ್ಸಿದ್ರು. ಅವ್ವ ಬರೆದ ಮೇಲೆ ನಾನೇನು ಹೇಳೋದು ಅಂತ ಚೀಲ ಕಟ್ದೆ. ಈ ವಯಸ್ಸಲ್ಲಿ ಅವ್ವನ ಕೈಲಿ ಬೈಸ್ಕೋಬೇಕಾ.” ದನಿ ಸಣ್ಣಗಾಯಿತು. “ನಿಂಗೆ ನಾನು ಬೇಡ್ವಾ, ಅವ್ವಾ?”

ಕೌನಾಕ್ ಮೂಗು ಸುಕ್ಕಿಸಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನಷ್ಟು ಬಲವಾಗಿ ಸುಕ್ಕಿಸಿದಳು. ಆ ಕಡೆಯಿಂದ ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಮಗಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾಳೆಂದು ಆಮೇಲೆ ಹೊಳೆಯಿತು.

“ಅಲ್ಲ ಮಗಾ,” ಎಂದಳು ಬಾಯಿಬಿಟ್ಟು. “ಅಲ್ಲ. ಬೇಕು.”