ಓವರಾಯಿಲಿಂಗಿಗೆ ಹೋದ ಸೈಕಲ್

"ಇನ್ನಾ ಆಗಿಲ್ರಿ ಅಕ್ಕಾರ," ಎಂದ ಬಾಬುಸಾಬ, ತಲೆ ಎತ್ತದೆ. ಅವನ ಮುಂದಿನ ನೀರಿನ ಬೋಗುಣಿಯಲ್ಲಿ ಯಾರದೋ ಟ್ಯೂಬು ಗುಳುಗುಳು ಗುಳ್ಳೆ ಬಿಡುತ್ತಿತ್ತು. ತೂತು ಎಲ್ಲಿದೆ ಎಂಬುದು ರಸ್ತೆಯ ಮೇಲೆ ನಿಂತವರಿಗೂ ಕಾಣುತ್ತಿತ್ತು. ಅವನು ಮಾತ್ರ ಹುಡುಕುತ್ತಲೇ ಇದ್ದ.

ದಾಕ್ಷಾಯಿಣಿ ಸ್ಕೂಟಿಯನ್ನು ಬಂದ್ ಮಾಡಿ ಕಾಲು ಊರಿ ನಿಂತಳು. "ಹ್ವಾದ ವಾರಾನೂ ಹಿಂಗ ಅಂದ್ರೆಲ್ಲ ಬಾಬುಸಾಬ್ರ. ಒಂದ ಸೈಕಲ್ಲಿಗೆ ಎಷ್ಟ ದಿನಾ ಬೇಕ್ರಿ?"

"ಓವರಾಯಿಲಿಂಗ್ ಅಂದ್ರ ಪೂರಾ ಬಿಚ್ಚಬೇಕ್ರಿ. ಬೇರಿಂಗ್ ಸವದಾವು. ಆ ಸೈಜಿನ್ವು ಪ್ಯಾಟ್ಯಾಗ ಸಿಗವಲ್ವು. ಚಾ ಕುಡಿತೀರೇನ್ರಿ?"

ಆ ಶಬ್ದ ಓವರ್‌ಹಾಲಿಂಗ್ ಎಂಬುದು ದಾಕ್ಷಾಯಿಣಿಗೆ ಗೊತ್ತಿತ್ತು. ರಾಯಾಪುರದ ಕನ್ನಡ ಶಾಲೆಯಲ್ಲಿ ಅರ್ಧ ಆಯುಷ್ಯ ಮಕ್ಕಳ ಕಾಗುಣಿತ ತಿದ್ದಿದವಳು ಅವಳು. ಆದರೆ ಹುಬ್ಬಳ್ಳಿ-ಧಾರವಾಡದ ಸೈಕಲ್ ಅಂಗಡಿಗಳಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಸೈಕಲ್ಲನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ, ಮತ್ತೆ ಕೂಡಿಸಿದ ಮೇಲೆ ಎಣ್ಣೆ ಬಿಡುತ್ತಾರಲ್ಲ, ಅದಕ್ಕೇ ಅದು ಓವರಾಯಿಲಿಂಗ್. ತಪ್ಪು ಶಬ್ದವೇ ಸರಿಯಾದದ್ದಕ್ಕಿಂತ ಹೆಚ್ಚು ಅರ್ಥ ಕೊಡುತ್ತಿರುವಾಗ ತಿದ್ದುವುದೇಕೆ ಎಂದು ಅವಳೂ ಹಾಗೇ ಅನ್ನುತ್ತಿದ್ದಳು. ಇದೊಂದು ಶಬ್ದದ ಹಿಂದೆ ಇಡೀ ಸೈಕಲ್ಲನ್ನೇ ಬಚ್ಚಿಡಬಹುದೆಂದು ಪಾಪ, ಅವಳಿಗೆ ಹೊಳೆದಿರಲಿಲ್ಲ.

"ಚಾ ಬ್ಯಾಡ್ರಿ. ದಸರಾ ಸೂಟಿ ಮುಗಿಯೂದರಾಗ ಕೊಟ್ಟುಬಿಡ್ರಿ," ಎಂದು ಅವಳು ಸ್ಕೂಟಿಯನ್ನು ಬೈರಿದೇವರಕೊಪ್ಪದ ತನ್ನ ಮನೆಯ ಕಡೆಗೆ ತಿರುಗಿಸಿದಳು. ಅವಳು ಕಣ್ಮರೆಯಾದ ಮೇಲೆ ಬಾಬುಸಾಬನಿಗೆ ತೂತು ತಟ್ಟನೆ ಸಿಕ್ಕಿತು.

ಸ್ಕೂಟಿ ಬಂದದ್ದು ಗಣೇಶ ಚೌತಿಯ ಹೊತ್ತಿಗೆ. ದಾಕ್ಷಾಯಿಣಿಯ ಗಂಡ ಬಸವಪ್ರಭುವಿನದು ಅಮರಗೋಳದ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ. ಶೇಂಗಾ, ಹತ್ತಿ, ಗೋವಿನಜೋಳ, ಯಾವ ಕಾಲಕ್ಕೆ ಯಾವುದೋ ಅದು. ವ್ಯಾಪಾರಸ್ಥರ ಸೊಸೈಟಿಯ ಡೈರೆಕ್ಟರ್ ಸ್ಥಾನಕ್ಕೆ ನಿಲ್ಲುತ್ತೇನೆಂದು ಹೇಳಿಕೊಂಡಾಗಿನಿಂದ ಅವನು ಬಿಳಿ ಅಂಗಿಗೆ ಇಸ್ತ್ರಿ ಗೆರೆ ಮೂಡಿಸಿಕೊಂಡು ಓಡಾಡುತ್ತಿದ್ದ. ಸ್ಕೂಟಿಗೆ ಹಾರ ಹಾಕಿ ಅಂಗಳದಲ್ಲಿ ನಿಲ್ಲಿಸಿದ ದಿನ ಅವನೇ ಹೇಳಿದ್ದು: "ಸೈಕಲ್ಲು ಭಾಳ ಸವದೈತಿ. ಬಾಬುಸಾಬನ ಕಡೆ ಓವರಾಯಿಲಿಂಗಿಗೆ ಕೊಟ್ಟೇನಿ. ಬರೂತನಕ ಇದನ್ನ ಓಡಸು." ಸೈಕಲ್ಲು ಬಿಟ್ಟುಬಿಡು ಎಂದಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸೈಕಲ್ಲು ಬಿಡುವ ಪ್ರಯತ್ನವನ್ನು ಅವಳೂ ಮಾಡದೆ ಇರಲಿಲ್ಲ. ಒಮ್ಮೆ ವರ್ಷಪೂರ್ತಿ ಬಸ್ಸಿನಲ್ಲಿ ಹೋದಳು. ಇನ್ನೊಮ್ಮೆ ಮೈದುನನ ಲೂನಾ ತೆಗೆದುಕೊಂಡಳು. ಪ್ರತಿ ಸಲವೂ ಕೊನೆಗೆ ಮತ್ತೆ ಸೈಕಲ್ಲಿನ ಧೂಳು ಒರೆಸುತ್ತಿದ್ದಳು. ಯಾಕೆ ಎಂದು ಯಾರಾದರೂ ಕೇಳಿದರೆ ಅವಳ ಹತ್ತಿರ ಉತ್ತರಕ್ಕೇನೂ ಬರವಿರಲಿಲ್ಲ. ಬಸ್ಸು ಹೊತ್ತಿಗೆ ಬರುವುದಿಲ್ಲ ಎಂದು ಹೆಡ್ ಮಾಸ್ತರರಿಗೆ, ಪೆಟ್ರೋಲು ತುಟ್ಟಿ ಎಂದು ಅತ್ತೆ ಬಾಳವ್ವನಿಗೆ, ಮಂಡಿನೋವಿಗೆ ಒಳ್ಳೆಯದಂತೆ ಎಂದು ಓಣಿಯ ಹೆಂಗಸರಿಗೆ.

ಖರೇ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಎದ್ದಾಗಿನಿಂದ ಯಾರಾದರೊಬ್ಬರು ಕರೆಯುತ್ತಲೇ ಇರುತ್ತಾರೆ. ಶಾಲೆಯ ಗೇಟು ಹೊಕ್ಕರೆ "ಅಕ್ಕಾರ, ಅಕ್ಕಾರ" ಎಂದು ಮಕ್ಕಳು ಶುರುಮಾಡುತ್ತವೆ. ಎರಡರ ನಡುವಿನ ರಸ್ತೆಯಲ್ಲಿ ಮಾತ್ರ ಅವಳನ್ನು ಏನಾದರೂ ಬೇಕೆಂದು ಕರೆಯುವವರಿರಲಿಲ್ಲ. ನವನಗರ ದಾಟಿದ ಮೇಲೆ ಬರುವ ಏರಿನಲ್ಲಿ ಉಸಿರು ಕಟ್ಟುತ್ತದೆ, ತೊಡೆ ಬಿಗಿಯುತ್ತದೆ. ಏರು ಮುಗಿದಾಗ ಎದುರುಗಾಳಿ ಬೆವರಿದ ಕುತ್ತಿಗೆಗೆ ಬಡಿಯುತ್ತದೆ. ಆಗ ಇಲ್ಲಿಯವರೆಗೆ ನನ್ನನ್ನು ನಾನೇ ತಂದುಕೊಂಡೆ, ಯಾರೂ ತಂದು ಬಿಟ್ಟದ್ದಲ್ಲ ಎನ್ನಿಸುತ್ತದೆ. ಸ್ಕೂಟಿಯಲ್ಲಿ ಆ ಏರು ಇದೆಯೆಂದೇ ತಿಳಿಯುತ್ತಿರಲಿಲ್ಲ. ಕಿವಿ ತುಂಬ ಅದರದೇ ಸದ್ದು. ದಾರಿಯಲ್ಲಿ ಮಾತಾಡಿಸುತ್ತಿದ್ದ ಮಂದಿ ಈಗ ಹಾರ್ನು ಕೇಳಿ ಪಕ್ಕಕ್ಕೆ ಸರಿಯುತ್ತಿದ್ದರು.

ವಿಜಯದಶಮಿಯ ಸಂಜೆ ಮನೆ ಗಿಜಿಗುಡುತ್ತಿತ್ತು. ಬಂಗಾರವೆಂದು ಬನ್ನಿ ಎಲೆ ಕೊಡಲು ಬಂದವರಲ್ಲಿ ಸೊಸೈಟಿಯ ದೊಡ್ಡವರೂ ಇದ್ದರು. ಬಸವಪ್ರಭು ಪಡಸಾಲೆಯ ನಡುವೆ ಕೂತು ಎಲ್ಲರ ಕೈಗೆ ಎಲೆ ಕೊಟ್ಟು, ಎಲ್ಲರಿಂದ ಎಲೆ ತೆಗೆದುಕೊಂಡು, ವರ್ಷದ ಮನಸ್ತಾಪಗಳನ್ನೆಲ್ಲ ಬನ್ನಿಯ ಜೊತೆ ತೀರಿಸುತ್ತಿದ್ದ. ಆ ಹೊತ್ತಿಗೆ ಅಂಗಡಿಯ ಹಮಾಲ ಹೊಳೆಯಪ್ಪ ಬಂದ. ಚೀಲ ಹೊತ್ತು ಹೊತ್ತು ಒಂದು ಕಾಲಿನ ನರ ಹುರಿಹಗ್ಗದಂತೆ ಉಬ್ಬಿಹೋಗಿದ್ದ ಮನುಷ್ಯ. ಸಾವಕಾರನನ್ನು ದಾಟಿಕೊಂಡು ನೆಟ್ಟಗೆ ದಾಕ್ಷಾಯಿಣಿಯ ಹತ್ತಿರ ಹೋಗಿ ಎರಡೂ ಕೈಯಿಂದ ಬನ್ನಿ ಮುಂದೆ ಮಾಡಿದ.

"ಬಂಗಾರ ತಗೊಳ್ರಿ ಅಕ್ಕಾರ. ನೀವು ನನಗ ಇದಕ್ಕಿಂತ ದೊಡ್ಡದು ಕೊಟ್ಟೀರಿ."

"ನಾ ಏನ್ ಕೊಟ್ಟೇನಿ ಹೊಳೆಯಪ್ಪಾ?" ಎಂದು ದಾಕ್ಷಾಯಿಣಿ ನಕ್ಕಳು.

"ಹೊಳೆಯಪ್ಪಾ, ಒಳಗ ಹೋಗಿ ಊಟಾ ಮಾಡ ಹೋಗು," ಎಂದ ಬಸವಪ್ರಭು, ಕೂತಲ್ಲಿಂದಲೇ, ತುಸು ಜೋರಾಗಿ.

"ಮಾಡ್ತೇನ್ರಿ ಸಾವಕಾರ್ರ. ಅಕ್ಕಾರ, ಇವರು ಬ್ಯಾಡಂದಿದ್ರು. ಆಕಿ ಮುಂದ ಹೇಳಾಕ ಹೋಗಬ್ಯಾಡ, ಆಕಿಗೆ ಅದೆಲ್ಲಾ ಸೇರೂದಿಲ್ಲಾ ಅಂತ. ಬನ್ನಿ ಹಬ್ಬದಾಗೂ ಹೇಳ್ಲಿಲ್ಲಂದ್ರ ಹ್ಯಾಂಗ್ರಿ? ನಿಮ್ಮ ಸೈಕಲ್ಲ ನನಗ ಕೊಡ್ರಿ ಅಂತ ನೀವಾ ಹೇಳಿದ್ರಂತ. ಈ ಕಾಲು ಗಂಡಸರ ಸೈಕಲ್ಲಿನ ದಂಡಿಗಿ ದಾಟತಿರಲಿಲ್ರಿ. ರಾಯಾಪುರದಿಂದ ದಿನಾ ನಸುಕಿನ್ಯಾಗ ಎದ್ದು ಕುಂಟಕೋತ ಬರತಿದ್ದೆ. ಈಗ ರಾಜಾನಂಗ ಬರತೇನಿ. ಹೊರಗ ನಿಲ್ಲಿಸೇನಿ ನೋಡ್ರಿ, ಪೂಜಿ ಮಾಡ್ಕೊಂಡ ತಂದೇನಿ."

ಸೊಸೈಟಿಯ ಹಿರಿಯರೊಬ್ಬರು ಬಾಯಿತುಂಬ ಹೊಗಳಿದರು. "ಬಸವಪ್ರಭು, ನಿಮ್ಮ ಮನಿಯವ್ರ ಮನಸ್ಸು ದೊಡ್ಡದು ಬಿಡ್ರಿ."

ದಾಕ್ಷಾಯಿಣಿ ಗಂಡನ ಕಡೆ ನೋಡಿದಳು. ಅವನು ತನ್ನ ಮಡಿಲಿನ ಬನ್ನಿ ಎಲೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ. ಸೈಕಲ್ಲು ಹೋದದ್ದಕ್ಕಿಂತ, ತಾನು ವಾರ ವಾರ ಬಾಬುಸಾಬನ ಅಂಗಡಿಯ ಮುಂದೆ ನಿಂತು ಬೇರಿಂಗಿನ ಕಥೆ ಕೇಳಿ ತಲೆಯಾಡಿಸಿದ್ದು ನೆನಪಾಗಿ ಅವಳ ಮುಖ ಉರಿಯಿತು. ಎಷ್ಟು ನಕ್ಕಿರಬೇಕು ಇಬ್ಬರೂ!

ಹೊಳೆಯಪ್ಪ ಕಾಯುತ್ತಿದ್ದ. ಅವಳು ಅವನ ಹಿಂದೆ ಹೊರಗೆ ಹೋದಳು. ಅವಳ ಹಸಿರು ಸೈಕಲ್ಲು ಕಟ್ಟೆಗೆ ಒರಗಿ ನಿಂತಿತ್ತು. ಹ್ಯಾಂಡಲ್ಲಿಗೆ ವಿಭೂತಿಯ ಮೂರು ಗೆರೆ, ಚೆಂಡುಹೂವಿನ ಮಾಲೆ, ಗಾಲಿಯ ಕಡ್ಡಿಗಳ ನಡುವೆ ಬನ್ನಿಯ ಟೊಂಗೆ. ಸೈಕಲ್ಲನ್ನು ಓವರಾಯಿಲಿಂಗಿಗೆಂದು ಯಾರೂ ಬಿಚ್ಚಿರಲಿಲ್ಲ. ಬಿಚ್ಚುವಂಥದ್ದು ಏನೂ ಆಗಿರಲಿಲ್ಲ. ಅವಳು ಸೀಟಿನ ಮೇಲೆ ಕೈಯಿಟ್ಟಳು. ಇದು ನನ್ನದು, ನಾನು ಕೊಟ್ಟಿಲ್ಲ ಎನ್ನಲು ಬಾಯಿ ತೆರೆದಳು. ಹೊಳೆಯಪ್ಪನ ಮುಖ ನೋಡಿ ಮಾತು ಬದಲಿಸಿದಳು.

"ಹಿಂದಿನ ಬ್ರೇಕು ಸ್ವಲ್ಪ ತಡದ ಹಿಡಿತೈತಿ," ಎಂದಳು. "ಇಳಕಲಿನ್ಯಾಗ ಮೊದಲ ಹಿಡಿ."

"ಹೂಂನ್ರಿ ಅಕ್ಕಾರ," ಎಂದು ಹೊಳೆಯಪ್ಪ ಅವಳ ಕಾಲು ಮುಟ್ಟಲು ಬಾಗಿದ. ಅವಳು ಹಿಂದೆ ಸರಿದಳು.

ಬಂದವರೆಲ್ಲ ಹೋದ ಮೇಲೆ ಬಸವಪ್ರಭುವೇ ಮಾತು ತೆಗೆದ. "ಈಗ ಏನಾತು? ಬಡವಗ ಒಂದ ಉಪಕಾರ ಆತು. ನಿನಗ ಹೆಸರ ಬಂತು."

"ಬಾಬುಸಾಬ್ರಿಗೆ ಸುಳ್ಳ ಹೇಳಾಕ ಹಚ್ಚಿದ್ರಿ."

"ನಾಲ್ಕ ದಿನಾ ಹಿಂಗ ಅನ್ನು ಅಂದಿದ್ದೆ, ಅಷ್ಟ. ಸ್ಕೂಟಿ ರೂಢಿ ಆದಮ್ಯಾಲ ನೀನಾ ಮರಿತೀ ಅಂತ ತಿಳದಿದ್ದೆ."

"ನನ್ನ ಕೇಳಬೇಕಿತ್ತು."

"ಕೇಳಿದ್ರ ಕೊಡತಿದ್ದೇನು?"

ಅವಳು ನಿಜವಾಗಿಯೂ ಯೋಚನೆ ಮಾಡಿದಳು. "ಆ ಕಾಲು ನೋಡಿ ಕೊಡತಿದ್ದೆನೋ ಏನೋ. ಈಗ ಅದು ನಿಮಗೂ ಗೊತ್ತಾಗೂದಿಲ್ಲ, ನನಗೂ ಗೊತ್ತಾಗೂದಿಲ್ಲ."

ಬಸವಪ್ರಭುವಿಗೆ ಸಿಟ್ಟು ಬಂತು. "ಮಾರ್ಕೆಟ್ಟಿನ್ಯಾಗ ಮಂದಿ ಏನಂತಾರ ಗೊತ್ತೈತೇನ? ಹೆಂಡತಿಗೆ ಒಂದ ಗಾಡಿ ಕೊಡಸಾಕ ಆಗವಲ್ದು, ಸೊಸೈಟಿ ನಡಸ್ತಾನಂತ! ಎದುರಾ ಎದುರ ಅಂದಾರ." ಆಮೇಲೆ ದನಿ ತಗ್ಗಿಸಿ, ಸೋತವನಂತೆ ನಕ್ಕ. "ನಿನಗ ಸೈಕಲ್ಲ ಕಲಿಸಿದಾಂವ ನಾನಾ. ಹಿಡಕೊಂಡೇನಿ, ಹಿಡಕೊಂಡೇನಿ ಅಂತ ಒದರಕೋತ ಆವಾಗಾ ಕೈ ಬಿಟ್ಟಿದ್ದೆ. ಅದೂ ಸುಳ್ಳಾ. ಅವತ್ತೇನ ನಿನಗ ಸಿಟ್ಟ ಬರಲಿಲ್ಲಲ್ಲ?"

ಆ ಮಾತನ್ನು ಅವನು ಎತ್ತಬಾರದಿತ್ತು. ಮದುವೆಯಾದ ಹೊಸದರಲ್ಲಿ, ಬಾಳವ್ವ ಏಳುವ ಮೊದಲು, ಊರ ಹೊರಗಿನ ಬಯಲಿನಲ್ಲಿ ಅವನು ಅವಳ ಹಿಂದೆ ಓಡಿದ್ದ. ಬಾಳವ್ವನಿಗೆ ಗೊತ್ತಾಗಿ ರಂಪವಾದಾಗ "ನಾನಾ ಕಲಿಸೇನಿ, ಬೈಯೂದಿದ್ರ ನನಗ ಬೈ" ಎಂದು ತಾಯಿಯ ಎದುರಿಗೆ ನಿಂತಿದ್ದ. ಆ ಒಂದು ಮಾತಿನ ಸಲುವಾಗಿ ದಾಕ್ಷಾಯಿಣಿ ಈ ಸಂಸಾರದಲ್ಲಿ ಎಷ್ಟೋ ನುಂಗಿಕೊಂಡಿದ್ದಳು. ಅದನ್ನೇ ತಂದು ಇವತ್ತಿನ ಸುಳ್ಳಿನ ಪಕ್ಕದಲ್ಲಿ ಕೂಡಿಸಿದನಲ್ಲ!

"ಅವತ್ತ ಕೈ ಬಿಟ್ಟಿದ್ದು ನಾ ಮುಂದ ಹೋಗ್ಲಿ ಅಂತ," ಎಂದಳು. "ಇದು ಹಂಗಲ್ಲ."

ಅವನು ಹಾಸಿಗೆ ಹಾಸಿಕೊಂಡು ಮಗ್ಗುಲಾದ. ಅವಳು ಪಡಸಾಲೆಯಲ್ಲಿ ಚೆಲ್ಲಿದ್ದ ಬನ್ನಿ ಎಲೆಗಳನ್ನು ಗುಡಿಸಿ ಒಂದು ಕಡೆ ಮಾಡಿದಳು.

ಹಬ್ಬ ಮುಗಿದು ಮಾರ್ಕೆಟ್ಟು ತೆರೆದ ದಿನ ಅವಳು ನಡೆದೇ ಬಾಬುಸಾಬನ ಅಂಗಡಿಗೆ ಹೋದಳು. ಸ್ಕೂಟಿ ಇಲ್ಲದೆ ನಡೆದು ಬಂದವಳನ್ನು ನೋಡಿದ ಕೂಡಲೇ ಬಾಬುಸಾಬನಿಗೆ ಎಲ್ಲ ತಿಳಿಯಿತು. ಕೈಯಲ್ಲಿನ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಎದ್ದು ನಿಂತ.

"ತಪ್ಪಾತ್ರಿ ಅಕ್ಕಾರ. ಸಾವಕಾರ್ರು ಮನಿ ವಿಚಾರ ಅಂದ್ರು. ನನಗ ಇಲ್ಲನ್ನಾಕ ಆಗಲಿಲ್ಲ."

"ನಿಮ್ಮ ಮಾತ ನಾ ನಂಬಿದ್ದೆ ಬಾಬುಸಾಬ್ರ," ಎಂದಳು ದಾಕ್ಷಾಯಿಣಿ. ಅವನು ಮತ್ತೆ ತಲೆ ಎತ್ತಲಿಲ್ಲ. "ಅದಿರಲಿ. ಬಾಡಿಗಿ ಸೈಕಲ್ಲ ಐತೇನು?"

ಬಾಡಿಗೆ ಸೈಕಲ್ಲಿನ ಕಾಲ ಆಗಲೇ ಮುಗಿಯುತ್ತ ಬಂದಿತ್ತು. ಹಿಂದೆ ಅಂಗಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವುಗಳಲ್ಲಿ ಒಂದೆರಡು ಉಳಿದು ಹಿತ್ತಲಲ್ಲಿ ಧೂಳು ತಿನ್ನುತ್ತಿದ್ದವು. ಅವನು ಹೆಂಗಸರ ಸೈಕಲ್ಲೊಂದನ್ನು ಎಳೆದು ತಂದು ಒರೆಸಿದ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಅಂಗಡಿಯ ಹೆಸರು, ಅದರ ಕೆಳಗೆ ಎಲ್ಲರಿಗೂ ಕಾಣುವಂತೆ ದಪ್ಪ ಅಕ್ಷರದಲ್ಲಿ "ಬಾಡಿಗೆ" ಎಂದಿತ್ತು.

"ಇದು ನಿಮಗ ಶೋಭಾ ಅಲ್ರಿ ಅಕ್ಕಾರ. ಎರಡ ದಿನಾ ತಡೀರಿ, ಛಲೋದೊಂದ ಹಳೇ ಸೈಕಲ್ಲ ಹುಡುಕಿ ಕೊಡ್ತೇನಿ. ನಿಮ್ಮದಾ ಅಂತ ಇರಲಿ."

"ಬ್ಯಾಡ್ರಿ. ನಂದು ಅಂತ ಇದ್ರ ಮತ್ಯಾರರ ಅದನ್ನ ದಾನಾ ಮಾಡ್ತಾರ. ನಿಮ್ಮದಾ ಇರಲಿ, ನಾ ಓಡಸ್ತೇನಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಹತ್ತಿದಳು. ಸೀಟು ಗಡುಸು, ಹ್ಯಾಂಡಲ್ಲು ತುಸು ಸೊಟ್ಟ. ಆದರೂ ನಾಲ್ಕು ಸಲ ತುಳಿದದ್ದೇ ತಡ, ಕಾಲುಗಳಿಗೆ ತಮ್ಮ ಕೆಲಸ ನೆನಪಾಯಿತು. ನೆಟ್ಟಗೆ ಹೋಗುವ ಬದಲು ಅವಳು ಅಮರಗೋಳದ ಮಾರ್ಕೆಟ್ಟಿನ ಗೇಟಿನೊಳಗೆ ತಿರುಗಿದಳು. ನೋಡಲಿ ಎಂದೇ ತಿರುಗಿದಳು. ಅದರಲ್ಲಿ ಮುಚ್ಚುಮರೆ ಏನಿಲ್ಲ. ಅವನು ಅಂಗಡಿ ಬಿಟ್ಟು ಇಳಿದು ಬರಬೇಕು, ನಾಲ್ಕು ಮಂದಿಯ ಮುಂದೆ ಬೈದರೂ ಬೈಯಲಿ, ಅವತ್ತಿನ ಹಾಗೆ ಒಂದು ಸಲ ತನ್ನ ಸಲುವಾಗಿ ಎದ್ದು ಬರಲಿ ಎಂಬ ಆಸೆಯೂ ಇತ್ತು.

ಅಂಗಡಿಕಟ್ಟೆಯ ಕಟಾಂಜನದ ಹಿಂದೆ ಬಸವಪ್ರಭು ಹೊರಗಿನಿಂದ ಬಂದ ಖರೀದಿದಾರನೊಬ್ಬನ ಜೊತೆ ನಿಂತಿದ್ದ. ಅಂಗೈಯಲ್ಲಿ ಒಡೆದ ಶೇಂಗಾ. ಅವನು ಅವಳನ್ನು ನೋಡಿದ. ಆ ಹೊತ್ತಿಗೇ ಚೀಲ ಹೊತ್ತ ಹಮಾಲರ ಸಾಲೊಂದು ಅಡ್ಡ ಬಂದು, ಅವಳು ತುಳಿಯುವುದನ್ನು ನಿಲ್ಲಿಸಿ ನೆಲಕ್ಕೆ ಕಾಲು ಊರಬೇಕಾಯಿತು. ಸ್ಕೂಟಿಯಾಗಿದ್ದರೆ ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ.

"ಯಾರ್ರಿ ಅವ್ರು, ನಿಮ್ಮ ಕಡೇನಾ ನೋಡಾಕತ್ತಾರಲ್ಲ?" ಎಂದ ಖರೀದಿದಾರ.

ಬಸವಪ್ರಭು ಶೇಂಗಾದ ಸಿಪ್ಪೆ ಊದಿದ. "ಅವ್ರಾ? ಇಲ್ಲೇ ರಾಯಾಪುರದ ಸಾಲಿ ಅಕ್ಕಾರು," ಎಂದು ಕಾಳನ್ನು ಅವನ ಕೈಗಿಟ್ಟ. "ರೇಟ್ ಹೇಳ್ರಿ ನೀವು."

ಸುಳ್ಳೇನೂ ಅಲ್ಲ. ಹಮಾಲರ ಸಾಲು ದಾಟಿ ಹೋಯಿತು. ದಾಕ್ಷಾಯಿಣಿ ಪೆಡಲಿನ ಮೇಲೆ ಕಾಲಿಟ್ಟು ಹಿಂದಿನ ಗೇಟಿನಿಂದ ಹಾಯ್ದು ದೊಡ್ಡ ರಸ್ತೆಗೆ ಬಂದಳು. ಒಂದು ಕಡೆಗೆ ಮನೆ. ಇನ್ನೊಂದು ಕಡೆಗೆ ರಾಯಾಪುರ. ಶಾಲೆಗೆ ಇನ್ನೂ ಸೂಟಿ ಇತ್ತು, ಅಲ್ಲಿ ಅವಳಿಗಾಗಿ ಕಾಯುವವರು ಯಾರೂ ಇರಲಿಲ್ಲ. ಲಾರಿಯೊಂದು ಮುಂದೆ ಹೋಗುವವರೆಗೆ ನಿಂತು, ಅವಳು ಏರಿನ ಕಡೆಗೇ ಹ್ಯಾಂಡಲ್ಲು ತಿರುಗಿಸಿದಳು.